ಬಿಯರ್‌ನ ಮಂದ ಹುದುಗುವಿಕೆ

ಬಾರ್ಲಿ ಮಾಲ್ಟಿನಿಂದ ಇಳಿಸಿದ ಸಿಹಿರಸವನ್ನು ವರ್ಟ್ ಎನ್ನುತ್ತಾರೆ. ಇದಕ್ಕೆ ಬೆರೆಸಿದ ಯೀಸ್ಟ್ ನಿರೀಕ್ಷಿತ ಅವಧಿಯಲ್ಲಿ ಸಕ್ಕರೆಯನ್ನು ಆಲ್ಕೋಹಾಲ್ ಮತ್ತು ಇಂಗಾಲದ ಡೈಆಕ್ಸೈಡ್ ಆಗಿ ಒಡೆಯದೆ ತಡಮಾಡಿದರೆ ಅದು ಮಂದ ಹುದುಗುವಿಕೆ. ಅರ್ಧದಲ್ಲೇ ನಿಂತರೆ ಸ್ಥಗಿತ ಹುದುಗುವಿಕೆ. ಎರಡರ ಕಾರಣಗಳೂ ಬಹುಪಾಲು ಒಂದೇ ಆದ್ದರಿಂದ ಇಲ್ಲಿ ಅವನ್ನು ಒಟ್ಟಿಗೇ ನೋಡಲಾಗಿದೆ. ಸಾಮಾನ್ಯ ಏಲ್ ಬಿಯರ್ 18ರಿಂದ 22 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹುದುಗುತ್ತದೆ. ಯೀಸ್ಟ್ ಹಾಕಿದ 6ರಿಂದ 18 ಗಂಟೆಯೊಳಗೆ ನೊರೆ ಕಾಣಿಸಿಕೊಂಡು, ನಾಲ್ಕೈದು ದಿನಗಳಲ್ಲಿ ಹೆಚ್ಚಿನ ಸಕ್ಕರೆ ಮುಗಿದು, ವಾರ ಹತ್ತು ದಿನಗಳಲ್ಲಿ ಕೆಲಸ ಮುಗಿಯುತ್ತದೆ. 8ರಿಂದ 13 ಡಿಗ್ರಿಯ ತಂಪಿನಲ್ಲಿ ಹುದುಗುವ ಲಾಗರ್‌ಗೆ ಇದರ ಎರಡು ಪಟ್ಟು ಕಾಲ ಹಿಡಿದರೂ ಅದು ಸಹಜವೇ. ಲೆಕ್ಕಕ್ಕೆ ಒಂದು ಮಾದರಿಯನ್ನು ಇಟ್ಟುಕೊಳ್ಳೋಣ: ಇಪ್ಪತ್ತು ಲೀಟರ್ ವರ್ಟ್, ಅದರ ಸಾಂದ್ರತೆ 12 ಡಿಗ್ರಿ ಪ್ಲೇಟೋ, ಅಂದರೆ ನೀರನ್ನು 1.000 ಎಂದು ಹಿಡಿದರೆ 1.048. ಎಲ್ಲ ಸರಿಯಿದ್ದರೆ ಇದು 1.010ರಿಂದ 1.014ರವರೆಗೆ ಇಳಿದು ನಿಲ್ಲುತ್ತದೆ. 1.024ರಲ್ಲೇ ನಿಂತಾಗ ಮನೆಯಲ್ಲಿ ಬಿಯರ್ ಮಾಡುವವರು ಗಾಬರಿಯಾಗಿ ಇನ್ನೊಂದು ಯೀಸ್ಟ್ ಪೊಟ್ಟಣ ತಂದು ಸುರಿಯುತ್ತಾರೆ. ಅದು ಕೆಲಸ ಮಾಡುವುದು ಅಪರೂಪ. ತೊಂದರೆ ಕಣ್ಣಿಗೆ ಬೀಳುವುದು ಎರಡನೆಯ ವಾರದಲ್ಲಾದರೂ ಅದು ಹುಟ್ಟಿರುವುದು ಸಾಮಾನ್ಯವಾಗಿ ಮೊದಲ ದಿನದಲ್ಲಿ, ಕೆಲವೊಮ್ಮೆ ಯೀಸ್ಟ್ ಹಾಕುವುದಕ್ಕೂ ಮುಂಚೆ ಮಾಲ್ಟನ್ನು ಬಿಸಿನೀರಿನಲ್ಲಿ ನೆನೆಸಿದ ಒಂದು ಗಂಟೆಯಲ್ಲಿ. ಹೀಗಾಗಿ ಮಂದ ಹುದುಗುವಿಕೆಯನ್ನು ಪತ್ತೆ ಮಾಡುವುದೆಂದರೆ ಹಿಂದಕ್ಕೆ ಹೋಗಿ ಹುಡುಕುವುದು.

ಮನೆಯಲ್ಲಿ ಬಿಯರ್ ಮಾಡುವ ಹವ್ಯಾಸ ಈಗಿನ ರೂಪದಲ್ಲಿ ಬೆಳೆದದ್ದು ಬ್ರಿಟನ್ ಮತ್ತು ಅಮೆರಿಕಗಳಲ್ಲಿ. ಬ್ರಿಟನ್ 1963ರಲ್ಲಿ ಮನೆಬಳಕೆಯ ಬಿಯರ್‌ಗೆ ಬೇಕಾಗಿದ್ದ ಪರವಾನಗಿಯನ್ನು ರದ್ದುಮಾಡಿತು. ಅಮೆರಿಕದಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ 1978ರ ಅಕ್ಟೋಬರ್‌ನಲ್ಲಿ ಸಹಿ ಹಾಕಿದ ಕಾನೂನು ಮರುವರ್ಷ ಜಾರಿಗೆ ಬಂತು. ಕರ್ನಾಟಕದಲ್ಲಿ ಪರಿಸ್ಥಿತಿ ಬೇರೆ. 1965ರ ಅಬಕಾರಿ ಕಾಯ್ದೆಯಡಿ ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ. ಇಲ್ಲಿ ಹೇಳುವ ಸಂಗತಿಗಳು ಇಲ್ಲಿಯವರಿಗೆ ನೇರವಾಗಿ ಉಪಯೋಗಕ್ಕೆ ಬರುವುದು ಬೆಂಗಳೂರಿನ ಪರವಾನಗಿ ಪಡೆದ ಮೈಕ್ರೋಬ್ರೂವರಿಗಳಲ್ಲಿ ಕೆಲಸ ಮಾಡುವವರಿಗೆ, ಹೊರದೇಶಗಳಲ್ಲಿ ಕಾನೂನಿನ ಒಪ್ಪಿಗೆಯಿರುವ ಕಡೆ ಈ ಹವ್ಯಾಸ ಹಚ್ಚಿಕೊಂಡ ಕನ್ನಡಿಗರಿಗೆ. ಪಾತ್ರೆಯ ಗಾತ್ರ ಬದಲಾದರೂ ಯೀಸ್ಟಿನ ಸ್ವಭಾವ ಬದಲಾಗುವುದಿಲ್ಲ.

ಹುಡುಕಾಟದ ಮೊದಲ ಹೆಜ್ಜೆ, ಹುದುಗುವಿಕೆ ನಿಜಕ್ಕೂ ನಿಂತಿದೆಯೇ ಎಂದು ಖಾತ್ರಿ ಮಾಡಿಕೊಳ್ಳುವುದು. ಪಾತ್ರೆಯ ಬಾಯಿಗೆ ಸಿಕ್ಕಿಸಿದ ಏರ್‌ಲಾಕ್‌ನಲ್ಲಿ ಗುಳ್ಳೆ ಬರುತ್ತಿಲ್ಲ ಎನ್ನುವುದು ಸಾಕ್ಷಿಯೇ ಅಲ್ಲ. ಪ್ಲಾಸ್ಟಿಕ್ ಬಕೆಟ್ಟಿನ ಮುಚ್ಚಳ ಸ್ವಲ್ಪ ಸಡಿಲವಾಗಿದ್ದರೂ ಅನಿಲ ಅಂಚಿನಿಂದ ಹೊರಟುಹೋಗುತ್ತದೆ, ಒಳಗೆ ಹುದುಗುವಿಕೆ ಜೋರಾಗಿ ನಡೆದಿದ್ದರೂ ಗುಳ್ಳೆ ಕಾಣುವುದಿಲ್ಲ. ಎಂದೋ ಮುಗಿದುಹೋದ ಬಿಯರ್ ಮಧ್ಯಾಹ್ನ ಎರಡು ಡಿಗ್ರಿ ಬೆಚ್ಚಗಾದರೆ ಅದರಲ್ಲಿ ಕರಗಿದ್ದ ಅನಿಲ ಹೊರಬಿದ್ದು ಗುಳ್ಳೆ ಬರುವುದೂ ಉಂಟು. ನಂಬಬೇಕಾದ್ದು ಸಾಂದ್ರತೆ ಅಳೆಯುವ ಹೈಡ್ರೋಮೀಟರನ್ನು. ಅದನ್ನೂ ಕಣ್ಣುಮುಚ್ಚಿ ನಂಬುವ ಹಾಗಿಲ್ಲ. ಮಾದರಿಯಲ್ಲಿರುವ ಅನಿಲದ ಗುಳ್ಳೆಗಳು ಗಾಜಿಗೆ ಅಂಟಿ ಉಪಕರಣವನ್ನು ಮೇಲಕ್ಕೆತ್ತುತ್ತವೆ, ಓದು ಹೆಚ್ಚಾಗಿ ತೋರುತ್ತದೆ. ಒಂದು ಲೋಟದಿಂದ ಇನ್ನೊಂದಕ್ಕೆ ಹತ್ತಾರು ಸಲ ಹೊಯ್ದು ಅನಿಲ ಬಿಡಿಸಿದ ಮೇಲೆ ಅಳೆಯಬೇಕು. 20 ಡಿಗ್ರಿಗೆ ಹೊಂದಿಸಿದ ಹೈಡ್ರೋಮೀಟರ್ 30 ಡಿಗ್ರಿಯ ದ್ರವದಲ್ಲಿ ಎರಡೂವರೆ ಪಾಯಿಂಟಿನಷ್ಟು ಕಡಿಮೆ ತೋರಿಸುತ್ತದೆ. (ಸಾಂದ್ರತೆಯ ಮೂರನೆಯ ದಶಮಾಂಶ ಸ್ಥಾನವನ್ನು ಒಂದು ಪಾಯಿಂಟ್ ಎನ್ನುವುದು ರೂಢಿ.) ಇವೆಲ್ಲಕ್ಕಿಂತ ಹೆಚ್ಚು ಮೋಸಮಾಡುವುದು ರಿಫ್ರ್ಯಾಕ್ಟೋಮೀಟರ್. ಎರಡು ಹನಿ ಸಾಕು ಎಂಬ ಕಾರಣಕ್ಕೆ ಅದು ಜನಪ್ರಿಯ. ಆದರೆ ಅದು ಅಳೆಯುವುದು ಬೆಳಕಿನ ವಕ್ರೀಭವನವನ್ನು, ಆಲ್ಕೋಹಾಲ್ ಹುಟ್ಟಿದ ಮೇಲೆ ಆ ಅಳತೆ ಸಕ್ಕರೆಯನ್ನಷ್ಟೇ ಹೇಳುವುದಿಲ್ಲ. ನಮ್ಮ 12 ಪ್ಲೇಟೋ ವರ್ಟ್ 1.012ಕ್ಕೆ ಸರಿಯಾಗಿ ಇಳಿದು ಮುಗಿದಾಗ ರಿಫ್ರ್ಯಾಕ್ಟೋಮೀಟರ್ ಸುಮಾರು 6 ಬ್ರಿಕ್ಸ್ (ಪ್ಲೇಟೋಗೆ ಹೆಚ್ಚುಕಡಿಮೆ ಸಮನಾದ ಮಾನ) ತೋರಿಸುತ್ತದೆ. ತಿದ್ದುಪಡಿ ಮಾಡದೆ ಕೋಷ್ಟಕ ನೋಡಿದರೆ ಅದು 1.024. ಅರ್ಧದಲ್ಲಿ ನಿಂತಿತು ಎಂದು ಗೋಳಾಡಿಸುವ ಸಂಖ್ಯೆಯೂ ಇದೇ, ಮುಗಿದ ಬಿಯರ್ ಈ ಉಪಕರಣದಲ್ಲಿ ತೋರುವ ಸಂಖ್ಯೆಯೂ ಇದೇ. ಮೂರು ದಿನಗಳ ಅಂತರದಲ್ಲಿ ಹೈಡ್ರೋಮೀಟರಿನಿಂದ ತೆಗೆದ ಎರಡು ಓದುಗಳು ಒಂದೇ ಆಗಿದ್ದರೆ ಮಾತ್ರ ಹುದುಗುವಿಕೆ ನಿಂತಿದೆ ಎನ್ನಬಹುದು.

ನಿಂತಿರುವುದು ಖಾತ್ರಿಯಾದ ಮೇಲೂ ಯೀಸ್ಟನ್ನು ದೂರುವ ಸಮಯ ಬಂದಿಲ್ಲ. ಉಳಿದಿರುವ ಸಕ್ಕರೆ ಯೀಸ್ಟ್ ತಿನ್ನಬಲ್ಲ ಸಕ್ಕರೆಯೇ ಎಂಬುದು ಮುಂದಿನ ಪ್ರಶ್ನೆ, ಹೆಚ್ಚಿನವರು ಎಡವುವುದೂ ಇಲ್ಲೇ. ಮಾಲ್ಟ್ ವರ್ಟಿನಲ್ಲಿ ಕರಗಿರುವ ಕಾರ್ಬೋಹೈಡ್ರೇಟಿನಲ್ಲಿ ಹೆಚ್ಚುಕಡಿಮೆ ಅರ್ಧ ಮಾಲ್ಟೋಸ್, ಎಂಟರಲ್ಲೊಂದು ಭಾಗ ಮಾಲ್ಟೋಟ್ರಯೋಸ್, ಸ್ವಲ್ಪ ಗ್ಲೂಕೋಸ್ ಮತ್ತು ಸುಕ್ರೋಸ್. ಕಾಲುಭಾಗದಷ್ಟು ಡೆಕ್ಸ್ಟ್ರಿನ್ ಎಂಬ ಉದ್ದ ಸರಪಳಿಗಳು. ಸಾಮಾನ್ಯ ಬಿಯರ್ ಯೀಸ್ಟ್ ಡೆಕ್ಸ್ಟ್ರಿನ್ನನ್ನು ಮುಟ್ಟುವುದಿಲ್ಲ. ಪಿಷ್ಟ ಯಾವ ಪಾಲಿನಲ್ಲಿ ಸಣ್ಣ ಸಕ್ಕರೆಯಾಗಿ ಒಡೆಯಬೇಕು, ಯಾವ ಪಾಲಿನಲ್ಲಿ ಡೆಕ್ಸ್ಟ್ರಿನ್ ಆಗಿ ಉಳಿಯಬೇಕು ಎನ್ನುವುದನ್ನು ತೀರ್ಮಾನಿಸುವುದು ಮ್ಯಾಶ್, ಅಂದರೆ ಒಡೆದ ಮಾಲ್ಟನ್ನು ಬಿಸಿನೀರಿನಲ್ಲಿ ನೆನೆಸುವ ಹಂತ. ಮಾಲ್ಟೋಸನ್ನು ಕತ್ತರಿಸಿಕೊಡುವ ಬೀಟಾ ಅಮೈಲೇಸ್ ಎಂಬ ಕಿಣ್ವ 60ರಿಂದ 65 ಡಿಗ್ರಿಯಲ್ಲಿ ಚುರುಕು, ಅದಕ್ಕಿಂತ ಮೇಲೆ ಬೇಗ ಸಾಯುತ್ತದೆ. ಆಲ್ಫಾ ಅಮೈಲೇಸ್ 70 ಡಿಗ್ರಿಯಲ್ಲೂ ಬದುಕಿ ಪಿಷ್ಟವನ್ನು ದೊಡ್ಡ ತುಂಡುಗಳಾಗಿ ಮುರಿಯುತ್ತದೆ. ಹಾಗಾಗಿ 64 ಡಿಗ್ರಿಯಲ್ಲಿ ನೆನೆಸಿದ ಮಾಲ್ಟಿನ ವರ್ಟ್ 1.010ಕ್ಕೆ ಇಳಿದರೆ, ಅದೇ ಮಾಲ್ಟನ್ನು 70 ಡಿಗ್ರಿಯಲ್ಲಿ ನೆನೆಸಿದಾಗ ಅದು ಎಷ್ಟೋ ಮೇಲೆ ನಿಲ್ಲುತ್ತದೆ. ಅಲ್ಲಿ ಯೀಸ್ಟಿನ ತಪ್ಪೇನೂ ಇಲ್ಲ, ತಪ್ಪಿದ್ದರೆ ಅದು ಥರ್ಮಾಮೀಟರಿನದು. ಮೂರು ನಾಲ್ಕು ಡಿಗ್ರಿ ಕಡಿಮೆ ತೋರಿಸುವ ಅಡುಗೆಮನೆ ಥರ್ಮಾಮೀಟರ್ ಎಷ್ಟೋ ಸ್ಥಗಿತ ಹುದುಗುವಿಕೆಗಳ ಮೂಲ. ಮಾಲ್ಟ್ ಸಾರದಿಂದ ಬಿಯರ್ ಮಾಡುವವರಿಗೆ ಈ ಆಯ್ಕೆಯೂ ಇಲ್ಲ. ಕಾರ್ಖಾನೆಯಲ್ಲೇ ತೀರ್ಮಾನವಾದ ಪಾಕ ಡಬ್ಬಿಯಲ್ಲಿ ಬರುತ್ತದೆ, ಜೊತೆಗೆ ಕ್ಯಾರಮೆಲ್ ಮಾಲ್ಟ್ ಕೈಬಿಚ್ಚಿ ಹಾಕಿದರೆ 1.020ರ ಹತ್ತಿರ ನಿಲ್ಲುವುದು ಅವರಿಗೆ ಚಿರಪರಿಚಿತ. ಮಿಲ್ಕ್ ಸ್ಟೌಟ್‌ಗೆ ಹಾಕುವ ಲ್ಯಾಕ್ಟೋಸ್ ಬಿಯರ್ ಯೀಸ್ಟಿಗೆ ದಕ್ಕುವುದೇ ಇಲ್ಲ. ಇಪ್ಪತ್ತು ಲೀಟರಿಗೆ ಅರ್ಧ ಕಿಲೋ ಹಾಕಿದರೆ ಕೊನೆಯ ಓದು ಒಂಬತ್ತು ಹತ್ತು ಪಾಯಿಂಟ್ ಮೇಲೆಯೇ ಇರುತ್ತದೆ.

ವರ್ಟ್ ಎಲ್ಲಿಯವರೆಗೆ ಇಳಿಯಬಲ್ಲದು ಎಂಬ ಮಿತಿಯಲ್ಲಿ ಯೀಸ್ಟಿನ ತಳಿಯದೂ ಒಂದು ಪಾಲಿದೆ. ಯೀಸ್ಟ್ ಮೊದಲು ಗ್ಲೂಕೋಸ್, ಆಮೇಲೆ ಮಾಲ್ಟೋಸ್, ಕೊನೆಗೆ ಮಾಲ್ಟೋಟ್ರಯೋಸ್ ಎಂಬ ಕ್ರಮದಲ್ಲಿ ತಿನ್ನುತ್ತದೆ. ಎಲ್ಲ ತಳಿಗಳೂ ಕೊನೆಯ ತುತ್ತನ್ನು ತಿನ್ನುವುದಿಲ್ಲ. ಇಂಗ್ಲಿಷ್ ಏಲ್‌ಗಾಗಿ ಮಾರುವ ವಿಂಡ್ಸರ್ ಎಂಬ ಒಣ ಯೀಸ್ಟಿಗೆ ಮಾಲ್ಟೋಟ್ರಯೋಸ್ ಬೇಡ. ಅದು ಬಿರುಸಾಗಿ ಕೆಲಸಮಾಡಿ, ಎರಡು ಮೂರು ದಿನದಲ್ಲಿ ಮುಗಿಸಿ, ಬೇರೆ ತಳಿಗಳಿಗಿಂತ ಮೇಲೆ ನಿಲ್ಲುತ್ತದೆ. ಅದನ್ನು ಹಾಕಿದವರು ಸ್ಥಗಿತವೆಂದು ಬೆದರುವುದು, ಪೊಟ್ಟಣದ ತಯಾರಕರ ವಿವರಣೆಯನ್ನು ಓದಿರದಿದ್ದರೆ, ಸಹಜ.

ವರ್ಟಿನ ಮಿತಿ ಮುಟ್ಟಿತೋ ಯೀಸ್ಟ್ ಸೋತಿತೋ ಎಂಬ ಈ ಪ್ರಶ್ನೆಗೆ ಊಹೆಯ ಅಗತ್ಯವಿಲ್ಲ, ಬ್ರೂವರಿಗಳು ಬಹುಕಾಲದಿಂದ ಮಾಡುವ ಸರಳ ಪರೀಕ್ಷೆಯೊಂದಿದೆ. ಯೀಸ್ಟ್ ಹಾಕುವ ದಿನವೇ ಕಾಲು ಲೀಟರ್ ವರ್ಟನ್ನು ಶುಚಿಯಾದ ಸೀಸೆಗೆ ತೆಗೆದು, ಅದಕ್ಕೆ ಬೇಕಾದ್ದಕ್ಕಿಂತ ಹತ್ತು ಪಟ್ಟು ಯೀಸ್ಟ್ ಹಾಕಿ, 25 ಡಿಗ್ರಿಯ ಆಸುಪಾಸಿನ ಬೆಚ್ಚನೆ ಜಾಗದಲ್ಲಿಟ್ಟು ಆಗಾಗ ಅಲ್ಲಾಡಿಸುವುದು. ಎರಡು ಮೂರು ದಿನದಲ್ಲಿ ಅದು ತನ್ನ ಕೊನೆ ಮುಟ್ಟುತ್ತದೆ. ಆ ಓದೇ ಈ ವರ್ಟ್ ಈ ತಳಿಯ ಕೈಯಲ್ಲಿ ಎಲ್ಲಿಯವರೆಗೆ ಇಳಿಯಬಲ್ಲದು ಎನ್ನುವುದರ ಮಿತಿ. ರುಚಿಯ ಬಗ್ಗೆ ಅದು ಏನೂ ಹೇಳುವುದಿಲ್ಲ, ಹೇಳಬೇಕಾಗಿಯೂ ಇಲ್ಲ. ದೊಡ್ಡ ಪಾತ್ರೆ ಅದಕ್ಕಿಂತ ಒಂದೆರಡು ಪಾಯಿಂಟ್ ಮೇಲೆ ನಿಂತರೆ ಕೆಲಸ ಮುಗಿದಿದೆ. ಎಂಟು ಹತ್ತು ಪಾಯಿಂಟ್ ಮೇಲೆ ನಿಂತರೆ ಯೀಸ್ಟ್ ಸೋತಿದೆ. ಮೊದಲ ದಿನ ಇದನ್ನು ಮಾಡದವರು ನಿಂತುಹೋದ ಬಿಯರ್‌ನ ಮಾದರಿಗೇ ಹೊಸ ಯೀಸ್ಟ್ ಧಾರಾಳವಾಗಿ ಹಾಕಿ ಬೆಚ್ಚಗಿಟ್ಟು ನೋಡಬಹುದು. ಓದು ಇಳಿದರೆ ದೋಷ ಯೀಸ್ಟಿನದು, ಇಳಿಯದಿದ್ದರೆ ವರ್ಟಿನದು. ಬ್ರೆಡ್ ಯೀಸ್ಟ್ ಇದಕ್ಕೆ ಸಲ್ಲದು, ಮಾಲ್ಟೋಟ್ರಯೋಸ್ ವಿಷಯದಲ್ಲಿ ಅದನ್ನು ನಂಬುವಂತಿಲ್ಲ. ಮಂದ ಹುದುಗುವಿಕೆಗೆ ಪಟ್ಟಿ ಮಾಡಿದ ಹತ್ತಾರು ಪರಿಹಾರಗಳಲ್ಲಿ ಯಾವುದನ್ನು ಹಿಡಿಯುವ ಮುಂಚೆಯೂ ಈ ಪರೀಕ್ಷೆ ಆಗಬೇಕು. ಇದನ್ನು ಬಿಟ್ಟು ಕೊಟ್ಟ ಸಲಹೆಗಳೆಲ್ಲ ಕತ್ತಲಲ್ಲಿ ಕಲ್ಲು ಹೊಡೆದಂತೆ.

ಯೀಸ್ಟ್ ಸೋತಿದ್ದರೆ ಏಕೆ ಸೋತಿತು? ಸಂಖ್ಯೆಯಿಂದ ಆರಂಭಿಸುವುದು ಸೂಕ್ತ. ಏಲ್‌ಗೆ ಪ್ರತಿ ಮಿಲಿಲೀಟರಿಗೆ, ಪ್ರತಿ ಪ್ಲೇಟೋ ಡಿಗ್ರಿಗೆ, ಏಳೂವರೆ ಲಕ್ಷ ಜೀವಂತ ಕೋಶಗಳು, ಲಾಗರ್‌ಗೆ ಅದರ ಎರಡರಷ್ಟು, ಇದು ಹವ್ಯಾಸಿಗಳಲ್ಲಿ ನೆಲೆಗೊಂಡಿರುವ ಲೆಕ್ಕ. ನಮ್ಮ ಇಪ್ಪತ್ತು ಲೀಟರಿಗೆ ಅದು 18,000 ಕೋಟಿ ಕೋಶ, ಲಾಗರ್ ಆದರೆ 36,000 ಕೋಟಿ. ಹೊಸದಾದ ಒಂದು ದ್ರವ ಯೀಸ್ಟ್ ಪೊಟ್ಟಣದಲ್ಲಿ ಸಾಂಪ್ರದಾಯಿಕವಾಗಿ ಇರುವುದು 10,000 ಕೋಟಿಯಷ್ಟು, ಅದರಲ್ಲೂ ತಿಂಗಳಿಗೆ ಐದರಲ್ಲೊಂದು ಪಾಲು ಸಾಯುತ್ತದೆಂದು ಅಂದಾಜು ಹಿಡಿಯುವುದು ವಾಡಿಕೆ. 11.5 ಗ್ರಾಂ ಒಣ ಯೀಸ್ಟಿಗೆ ತಯಾರಕರು ಗ್ರಾಮಿಗೆ ಕನಿಷ್ಠ 600 ಕೋಟಿ ಎಂದು ಭರವಸೆ ಕೊಟ್ಟರೆ ಒಟ್ಟು 6,900 ಕೋಟಿ. ಲೆಕ್ಕದ ಪ್ರಕಾರ ಎರಡೂ ಸಾಲವು. ಆದರೂ ಒಂದೇ ಪೊಟ್ಟಣ ಹಾಕಿ ಒಳ್ಳೆಯ ಏಲ್ ಮಾಡಿದವರು ಸಾವಿರಾರು ಮಂದಿ ಇದ್ದಾರಲ್ಲ ಎಂದು ಯಾರಾದರೂ ಕೇಳಬಹುದು. ಆಕ್ಷೇಪ ಸರಿಯಾದದ್ದೇ. ಪೊಟ್ಟಣದ ಮೇಲಿನ ಸಂಖ್ಯೆ ಕನಿಷ್ಠ ಭರವಸೆ, ಒಳಗಿರುವುದು ಸಾಮಾನ್ಯವಾಗಿ ಅದಕ್ಕಿಂತ ಹೆಚ್ಚು. ಅದೂ ಅಲ್ಲದೆ ಯೀಸ್ಟ್ ವರ್ಟಿನಲ್ಲಿ ಎರಡು ಮೂರು ಸಲ ಇಮ್ಮಡಿಯಾಗುತ್ತದೆ, ಕೊರತೆಯನ್ನು ತಾನೇ ತುಂಬಿಕೊಳ್ಳುತ್ತದೆ. ಸಾಧಾರಣ ಬಲದ, ಬೆಚ್ಚನೆಯ, ಹೊಸ ಯೀಸ್ಟಿನ ಏಲ್‌ನಲ್ಲಿ ಈ ಹೆಚ್ಚುವರಿ ಇಮ್ಮಡಿಗೆ ತೊಡಕಿಲ್ಲ. ಬಾರ್ಲಿವೈನ್ ಎಂಬ 1.090ರ ಬಲವಾದ ಬಿಯರ್‌ನಲ್ಲಿ, ತಣ್ಣನೆಯ ಲಾಗರ್‌ನಲ್ಲಿ, ಬಿಸಿಲಿನಲ್ಲಿ ಕೊರಿಯರ್ ವ್ಯಾನಿನಲ್ಲಿ ಬೆಂದು ಬಂದ ಪೊಟ್ಟಣದಲ್ಲಿ ಅದೇ ಇಮ್ಮಡಿ ಮುಳುವಾಗುತ್ತದೆ.

ಇನ್ನೊಂದು ಆಕ್ಷೇಪ ಚರಿತ್ರೆಯ ಕಡೆಯಿಂದ ಬರುತ್ತದೆ. ಲೂಯಿ ಪಾಶ್ಚರ್ ಬಿಯರ್ ಕುರಿತ ಗ್ರಂಥ ಪ್ರಕಟಿಸಿದ್ದು 1876ರಲ್ಲಿ, ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ಎಮಿಲ್ ಕ್ರಿಶ್ಚಿಯನ್ ಹಾನ್ಸೆನ್ ಒಂದೇ ಕೋಶದಿಂದ ಬೆಳೆಸಿದ ಶುದ್ಧ ಯೀಸ್ಟ್ ಬಳಕೆಗೆ ಬಂದದ್ದು 1883ರಲ್ಲಿ. ಅದಕ್ಕೆ ಮುಂಚೆ ಬ್ರೂವರಿಗಳಲ್ಲಿ ಕೋಶ ಎಣಿಸುವ ರೂಢಿ ಇರಲಿಲ್ಲ, ಬಿಯರ್ ಮಾತ್ರ ಆಗುತ್ತಲೇ ಇತ್ತು. ನಿಜ, ಆದರೆ ಆ ಬ್ರೂವರಿಗಳು ಮಾಡುತ್ತಿದ್ದುದು ನಮ್ಮ ಮನೆಗಳಲ್ಲಿ ನಿನ್ನೆಯ ಮೊಸರಿನಿಂದ ಇಂದಿನ ಹಾಲಿಗೆ ಹೆಪ್ಪು ಹಾಕುವಂಥ ಕೆಲಸ. ಎರಡು ದಿನದ ಹಿಂದೆ ಕೆನೆಯಂತೆ ಮೇಲೆದ್ದ ದಪ್ಪ ಯೀಸ್ಟನ್ನು ಬಾನಿಗಟ್ಟಲೆ ಎತ್ತಿ ಹೊಸ ವರ್ಟಿಗೆ ಸುರಿಯುತ್ತಿದ್ದರು. ಅವರು ಎಣಿಸದೇ ಇದ್ದರೂ ಅವರ ಸಂಖ್ಯೆ ಇಂದಿನ ಹವ್ಯಾಸಿಯ ಪೊಟ್ಟಣಕ್ಕಿಂತ ಬಹಳ ಹೆಚ್ಚಿತ್ತು, ಯೀಸ್ಟ್ ಹಸಿಹಸಿಯಾಗಿಯೂ ಇತ್ತು. ಹಳಬರ ಉದಾಹರಣೆ ಎಣಿಕೆಯ ವಾದವನ್ನು ಬಲಪಡಿಸುತ್ತದೆಯೇ ಹೊರತು ಅಲ್ಲಗಳೆಯುವುದಿಲ್ಲ. ಪಾಶ್ಚರ್ ಬಿಯರ್‌ನ ಕೆಡುಕುಗಳನ್ನು ರೋಗಗಳೆಂದು ಕರೆದು, ಅವಕ್ಕೆ ಹೊರಗಿನಿಂದ ನುಸುಳಿದ ಸೂಕ್ಷ್ಮಜೀವಿಗಳು ಕಾರಣವೆಂದು ತೋರಿಸಿದ. ಹುಳಿ, ಲೋಳೆಗಳ ವಿಷಯದಲ್ಲಿ ಆ ನೋಟ ಇಂದಿಗೂ ಸರಿ. ಮಂದ ಹುದುಗುವಿಕೆಗೆ ಮಾತ್ರ ಅದೇ ಕನ್ನಡಕ ಹಾಕಿಕೊಂಡು ಶತ್ರುವನ್ನು ಹುಡುಕಿದರೆ ಸಿಗುವುದಿಲ್ಲ. ಇಲ್ಲಿ ಇರಬಾರದ್ದು ಬಂದಿಲ್ಲ, ಇರಬೇಕಾದ್ದು ಸಾಲದಾಗಿದೆ.

ಸಂಖ್ಯೆ ಏಕೆ ಅಷ್ಟು ಮುಖ್ಯ ಎಂಬುದಕ್ಕೆ ಉತ್ತರ ಆಮ್ಲಜನಕದಲ್ಲಿದೆ. ಯೀಸ್ಟ್ ಮೊದಲು ಆಮ್ಲಜನಕ ಬಳಸಿ ಉಸಿರಾಡುತ್ತದೆ, ಅದು ಮುಗಿದ ಮೇಲೆ ಹುದುಗಿಸಲು ತೊಡಗುತ್ತದೆ ಎಂದು ಎಷ್ಟೋ ಕೈಪಿಡಿಗಳು ಬರೆಯುತ್ತವೆ. ಇದು ತಪ್ಪು. ವರ್ಟಿನಷ್ಟು ಸಕ್ಕರೆ ಇರುವ ಕಡೆ ಬಿಯರ್ ಯೀಸ್ಟ್ ಆಮ್ಲಜನಕ ಇದ್ದರೂ ಹುದುಗಿಸುವುದನ್ನೇ ಆರಿಸಿಕೊಳ್ಳುತ್ತದೆ. ಜೀವರಸಾಯನದಲ್ಲಿ ಇದಕ್ಕೆ ಕ್ರ್ಯಾಬ್‌ಟ್ರೀ ಪರಿಣಾಮ ಎಂದು ಹೆಸರು. ಯೀಸ್ಟಿಗೆ ಆಮ್ಲಜನಕ ಬೇಕಾಗಿರುವುದು ತನ್ನ ಕೋಶಪೊರೆ ಕಟ್ಟಿಕೊಳ್ಳಲು. ಪೊರೆಯನ್ನು ಮೃದುವಾಗಿ, ಗಟ್ಟಿಯಾಗಿ ಇಡುವ ಎರ್ಗೋಸ್ಟೆರಾಲ್ ಮತ್ತು ಅಪರ್ಯಾಪ್ತ ಕೊಬ್ಬಿನ ಆಮ್ಲಗಳನ್ನು ಆಮ್ಲಜನಕವಿಲ್ಲದೆ ತಯಾರಿಸಲು ಅದಕ್ಕೆ ಆಗದು. ಆರಂಭದಲ್ಲಿ ಒಣ ತೂಕದ ನೂರಕ್ಕೆ ಒಂದರಷ್ಟಿರುವ ಸ್ಟೆರಾಲ್, ಕೋಶ ಒಡೆದು ಎರಡಾದಾಗಲೆಲ್ಲ ಅರ್ಧರ್ಧ ಹಂಚಿಹೋಗುತ್ತದೆ. ಮೂರು ಸಲ ಹಂಚಿದರೆ ಹತ್ತರಲ್ಲೊಂದು ಪಾಲಿನ ಸಮೀಪಕ್ಕೆ ಬರುತ್ತದೆ, ಅಲ್ಲಿಂದ ಮುಂದೆ ಬೆಳವಣಿಗೆ ನಿಲ್ಲುತ್ತದೆ. ಅಂಥ ಬಡಪೊರೆಯ ಕೋಶಕ್ಕೆ ಮಾಲ್ಟೋಟ್ರಯೋಸನ್ನು ಒಳಗೆಳೆದುಕೊಳ್ಳುವುದೂ ಕಷ್ಟ, ಸುತ್ತ ಏರುತ್ತಿರುವ ಆಲ್ಕೋಹಾಲನ್ನು ತಾಳುವುದೂ ಕಷ್ಟ. ಕಡಿಮೆ ಯೀಸ್ಟ್ ಹಾಕುವುದೆಂದರೆ ಹೆಚ್ಚು ಸಲ ಇಮ್ಮಡಿಸಲು ಬಲವಂತ ಮಾಡುವುದು, ಸ್ಟೆರಾಲನ್ನು ಹೆಚ್ಚು ಸಲ ಹಂಚುವುದು. ಮೊದಲ ದಿನದ ಎರಡು ಕೊರತೆಗಳು, ಕೋಶದ್ದು ಮತ್ತು ಆಮ್ಲಜನಕದ್ದು, ಸೇರಿ ಹತ್ತನೆಯ ದಿನ ಒಂದೇ ಕಾಯಿಲೆಯಾಗಿ ಕಾಣಿಸಿಕೊಳ್ಳುವುದು ಹೀಗೆ. ಕುದಿಸಿದ ವರ್ಟಿನಲ್ಲಿ ಆಮ್ಲಜನಕ ಉಳಿದಿರುವುದಿಲ್ಲ. ತಣ್ಣಗಾದ ಮೇಲೆ ಚೆನ್ನಾಗಿ ಕುಲುಕಿ ಗಾಳಿ ಬೆರೆಸಿದರೆ ಹೆಚ್ಚೆಂದರೆ ಲೀಟರಿಗೆ 8 ಮಿಲಿಗ್ರಾಂ ಕರಗುತ್ತದೆ, ಸಾಮಾನ್ಯ ಏಲ್‌ಗೆ ಅಷ್ಟು ಸಾಕು. ಬಲವಾದ ಬಿಯರ್‌ಗಳಿಗೆ ಸಿಲಿಂಡರಿನ ಶುದ್ಧ ಆಮ್ಲಜನಕವೇ ಬೇಕು.

ಒಣ ಯೀಸ್ಟ್ ಬಳಸುವಾಗ ಗಾಳಿ ಬೆರೆಸಬೇಕಾಗಿಲ್ಲ ಎಂದು ತಯಾರಕರೇ ಹೇಳುತ್ತಾರಲ್ಲ, ಹಾಗಿದ್ದರೆ ಈ ವಾದ ಎಲ್ಲಿ ನಿಂತಿತು? ತಯಾರಕರು ಹೇಳುವುದು ಸರಿ, ಅದಕ್ಕೆ ಕಾರಣವೂ ಇದೇ ವಾದ. ಒಣ ಯೀಸ್ಟನ್ನು ಕಾರ್ಖಾನೆಯಲ್ಲಿ ಹೇರಳ ಗಾಳಿಯಲ್ಲಿ, ಸಕ್ಕರೆಯನ್ನು ಸ್ವಲ್ಪಸ್ವಲ್ಪವಾಗಿ ಉಣಿಸಿ ಬೆಳೆಸುತ್ತಾರೆ. ಸ್ಟೆರಾಲಿನ ಉಗ್ರಾಣ ತುಂಬಿಕೊಂಡೇ ಅದು ಪೊಟ್ಟಣಕ್ಕೆ ಬರುತ್ತದೆ. ಮೊದಲ ಸಲಕ್ಕೆ ಅದಕ್ಕೆ ಆಮ್ಲಜನಕ ಬೇಡ. ಅದರ ಗಷ್ಟನ್ನು ತೆಗೆದಿಟ್ಟು ಎರಡನೆಯ ಬಿಯರ್‌ಗೆ ಹಾಕಿದಾಗ ಆ ಉಗ್ರಾಣ ಬರಿದು. ಮೊದಲ ಬಿಯರ್ ಚೆನ್ನಾಗಿ ಹುದುಗಿ, ಅದೇ ಯೀಸ್ಟಿನ ಎರಡನೆಯದು ಮುಗ್ಗರಿಸಿದರೆ ವಿನಾಯಿತಿ ಮುಗಿದದ್ದು ಮರೆತಿದೆ ಎಂದೇ ಅರ್ಥ. ಸೋಂಕನ್ನು ಶಂಕಿಸುವುದು ಆಮೇಲೆ.

ಪೋಷಕಾಂಶಗಳ ವಿಷಯ ಬೇಗ ಮುಗಿಯುವಂಥದ್ದು, ಏಕೆಂದರೆ ಪೂರ್ತಿ ಮಾಲ್ಟಿನಿಂದ ಮಾಡಿದ ವರ್ಟಿನಲ್ಲಿ ಅವುಗಳ ಕೊರತೆ ಅಪರೂಪ. ಯೀಸ್ಟ್ ಹೀರಬಲ್ಲ ಸಾರಜನಕ ಲೀಟರಿಗೆ 150ರಿಂದ 200 ಮಿಲಿಗ್ರಾಂ ಬೇಕು, ಮಾಲ್ಟ್ ಅದನ್ನು ಕೊಡುತ್ತದೆ. ಕೊರತೆ ಬರುವುದು ಸಕ್ಕರೆ, ಅಕ್ಕಿ, ಜೋಳದ ಪಾಕಗಳನ್ನು ಮೂರರಲ್ಲೊಂದು ಭಾಗ ಬೆರೆಸಿದಾಗ. ಸತುವಿನದು ಬೇರೆ ಕಥೆ. ಆಲ್ಕೋಹಾಲ್ ಹುಟ್ಟಿಸುವ ಕಿಣ್ವಕ್ಕೆ ಅದು ಬೇಕೇಬೇಕು, ಮಾಲ್ಟಿನಲ್ಲಿದ್ದರೂ ಬಹುಪಾಲು ಸಿಪ್ಪೆ ಮತ್ತು ಮಡ್ಡಿಯ ಜೊತೆ ಹೊರಟುಹೋಗುತ್ತದೆ. ಸಕ್ಕರೆಯ ಇನ್ನೊಂದು ತಂಟೆಯೂ ಇದೆ. ಬೆಲ್ಜಿಯನ್ ಶೈಲಿಯ ಬಲವಾದ ಬಿಯರ್‌ಗೆ ಸಕ್ಕರೆಯನ್ನೆಲ್ಲ ಮೊದಲೇ ಸುರಿದರೆ, ಸುಲಭವಾಗಿ ಸಿಕ್ಕ ಗ್ಲೂಕೋಸ್ ಯೀಸ್ಟಿನ ಮಾಲ್ಟೋಸ್ ಸಾಗಣೆಯ ವ್ಯವಸ್ಥೆಯನ್ನು ಅದುಮಿ ಹಿಡಿಯುತ್ತದೆ. ಗ್ಲೂಕೋಸ್ ಮುಗಿಯುವ ಹೊತ್ತಿಗೆ ಆಲ್ಕೋಹಾಲ್ ಏರಿರುತ್ತದೆ, ಸಾರಜನಕ ಖಾಲಿಯಾಗಿರುತ್ತದೆ, ಮಾಲ್ಟೋಸಿಗೆ ಹೊಂದಿಕೊಳ್ಳಲು ಕಸುವು ಉಳಿದಿರುವುದಿಲ್ಲ. ಅಂಥ ಬಿಯರ್‌ಗಳಿಗೆ ಸಕ್ಕರೆಯನ್ನು ನೊರೆ ಇಳಿಯತೊಡಗಿದ ಮೇಲೆ ಹಾಕುವುದು ಒಳ್ಳೆಯದು.

ಮೊದಲ ದಿನದ್ದೇ ಎಲ್ಲ ತಪ್ಪು ಎಂಬ ಈ ವಾದಕ್ಕೆ ಎರಡು ಅಪವಾದಗಳನ್ನು ಒಪ್ಪಿಕೊಳ್ಳಲೇಬೇಕು. ಒಂದು ತಾಪಮಾನ. ಹುದುಗುವಿಕೆ ತಾನೇ ಶಾಖ ಹುಟ್ಟಿಸುವ ಕ್ರಿಯೆಯಾದ್ದರಿಂದ ಜೋರಿನ ದಿನಗಳಲ್ಲಿ ಪಾತ್ರೆ ಕೋಣೆಗಿಂತ ಕೆಲವು ಡಿಗ್ರಿ ಬೆಚ್ಚಗಿರುತ್ತದೆ. ಮೂರನೆಯ ನಾಲ್ಕನೆಯ ದಿನ ವೇಗ ತಗ್ಗಿದಾಗ ಆ ಶಾಖವೂ ತಗ್ಗುತ್ತದೆ. ಚಳಿಗಾಲದ ರಾತ್ರಿಯಲ್ಲಿ ಬಿಯರ್ ತಣ್ಣಗಾದರೆ, ಯೀಸ್ಟ್ ಅದನ್ನು ಕೆಲಸ ಮುಗಿಯಿತೆಂಬ ಸಂಕೇತವಾಗಿ ತೆಗೆದುಕೊಂಡು ತಳ ಸೇರುತ್ತದೆ. ಇನ್ನೊಂದು ಅಪವಾದ ತಳಿಯ ಗುಣ. ಕೋಶಗಳು ಒಂದಕ್ಕೊಂದು ಅಂಟಿ ಮುದ್ದೆಯಾಗಿ ಮೇಲೇಳುವ ಅಥವಾ ತಳಕ್ಕಿಳಿಯುವ ಪ್ರವೃತ್ತಿ ಇಂಗ್ಲಿಷ್ ತಳಿಗಳಲ್ಲಿ ವಿಪರೀತ. ಬಿಯರ್ ತಿಳಿಯಾಗಲು ಅದು ಒಳ್ಳೆಯದು, ಆದರೆ ಸಕ್ಕರೆ ಒಂದು ಕಡೆ ಯೀಸ್ಟ್ ಒಂದು ಕಡೆ ಆಗುತ್ತದೆ. ಉತ್ತರ ಇಂಗ್ಲೆಂಡಿನ ಯಾರ್ಕ್‌ಶೈರ್ ಇದಕ್ಕೆ ವಾಸ್ತುವಿನಲ್ಲೇ ಪರಿಹಾರ ಕಂಡುಕೊಂಡಿತು. ಟ್ಯಾಡ್‌ಕ್ಯಾಸ್ಟರಿನ ಸ್ಯಾಮ್ಯುಯೆಲ್ ಸ್ಮಿತ್ ಬ್ರೂವರಿಯಲ್ಲಿ ಇಂದಿಗೂ ಬಳಕೆಯಲ್ಲಿರುವ ಯಾರ್ಕ್‌ಶೈರ್ ಚೌಕಗಳು ಸ್ಲೇಟ್ ಕಲ್ಲಿನ ಎರಡಂತಸ್ತಿನ ತೊಟ್ಟಿಗಳು. ಮೇಲಂತಸ್ತಿನ ತೂತಿನ ಮೂಲಕ ನೊರೆಯೊಂದಿಗೆ ಯೀಸ್ಟ್ ಮೇಲೇರಿ ಕೂರುತ್ತದೆ. ಕೆಳಗಿನ ಬಿಯರನ್ನು ಪಂಪಿನಿಂದ ಎತ್ತಿ ಅದರ ಮೇಲೆ ಸುರಿದು ಮತ್ತೆ ಮತ್ತೆ ಕಲಕುತ್ತಾರೆ. ಅಲ್ಲಿನ ಯೀಸ್ಟನ್ನು ಸಾಮಾನ್ಯ ಬಕೆಟ್ಟಿನಲ್ಲಿ ಸುಮ್ಮನೆ ಬಿಟ್ಟರೆ ಅದು ಅರ್ಧಕ್ಕೇ ನಿಲ್ಲುವುದು ಆಶ್ಚರ್ಯವಲ್ಲ. ಬೆಲ್ಜಿಯಮ್ಮಿನ ಸೈಸನ್ ಬಿಯರ್‌ಗೆ ಬಳಸುವ, ಡ್ಯುಪಾಂಟ್ ಬ್ರೂವರಿಯ ಮೂಲದ್ದೆಂದು ಹೇಳಲಾಗುವ ತಳಿ 1.035ರ ಹತ್ತಿರ ವಾರಗಟ್ಟಲೆ ಮುನಿಸಿಕೊಂಡು ಕೂರುವುದಕ್ಕೆ ಹೆಸರುವಾಸಿ. 30 ಡಿಗ್ರಿ ದಾಟಿಸಿದರೆ ಮತ್ತೆ ಹೊರಡುತ್ತದೆ. ತಪ್ಪು ಮಾಲ್ಟಿನದೇ ಆಗಿರುವ ಪ್ರಸಂಗವೂ ಇದೆ: ಹೊಲದಲ್ಲಿ ಶಿಲೀಂಧ್ರ ತಗುಲಿದ ಬಾರ್ಲಿಯಲ್ಲಿ ಉಳಿಯುವ ಕೆಲವು ಸಂಕೀರ್ಣ ಶರ್ಕರಗಳು ಯೀಸ್ಟನ್ನು ಅಕಾಲದಲ್ಲಿ ಮುದ್ದೆಗಟ್ಟಿಸಿ ಕೆಳಗಿಳಿಸುತ್ತವೆ. ಆದರೂ ಇವನ್ನೆಲ್ಲ ಅಪವಾದಗಳೆಂದು ಪೂರ್ತಿ ಒಪ್ಪಲಾಗದು. ತಳಿಯನ್ನು ಆರಿಸುವುದು, ಮಾಲ್ಟನ್ನು ಕೊಳ್ಳುವುದು ಮೊದಲ ದಿನಕ್ಕೂ ಮುಂಚಿನ ಕೆಲಸಗಳೇ. ನಿಜವಾದ ಅಪವಾದ ತಾಪಮಾನವೊಂದೇ.

ತಡವಾಗಿ ಮಾಡುವ ಪರಿಹಾರಗಳಲ್ಲಿ ಕೆಲಸ ಮಾಡುವವು ಕೂಡ ಇವೆರಡೇ: ಬೆಚ್ಚಗೆ ಮಾಡುವುದು, ಕಲಕುವುದು. ಏಲ್ ಆದರೆ ಪಾತ್ರೆಯನ್ನು 21, 22 ಡಿಗ್ರಿಗೆ ಏರಿಸಿ, ಗಾಳಿ ಸೇರದಂತೆ ಮೆಲ್ಲಗೆ ತಿರುಗಿಸಿ ತಳದ ಗಷ್ಟನ್ನು ಎಬ್ಬಿಸಿದರೆ ಎರಡು ಮೂರು ದಿನಗಳಲ್ಲಿ ಫಲ ತಿಳಿಯುತ್ತದೆ. ಹೊಸ ಪೊಟ್ಟಣ ಹಾಕಿದಾಗ ನಮಗೆ ಸರಿಹೋಯಿತು ಎನ್ನುವವರ ಮಾತಿನಲ್ಲಿ ಸುಳ್ಳಿಲ್ಲ, ಆದರೆ ಅವರು ಸಾಮಾನ್ಯವಾಗಿ ಪೊಟ್ಟಣದ ಜೊತೆಗೆ ಪಾತ್ರೆಯನ್ನು ಬೆಚ್ಚನೆ ಕೋಣೆಗೂ ಒಯ್ದಿರುತ್ತಾರೆ, ಹಾಕುವಾಗ ಕಲಕಿಯೂ ಇರುತ್ತಾರೆ. ಮೂರರಲ್ಲಿ ಯಾವುದು ಫಲಿಸಿತೆಂದು ಅದರಿಂದ ತಿಳಿಯದು. ಪೊಟ್ಟಣವೊಂದೇ ಸೋಲುವುದಕ್ಕೆ ಕಾರಣ ಸ್ಪಷ್ಟವಿದೆ. ಒಣಗಿದ ಅಥವಾ ಫ್ರಿಜ್ಜಿನಿಂದ ಎದ್ದ ಕೋಶ ಬಂದು ಬೀಳುವುದು ಆಮ್ಲಜನಕವಿಲ್ಲದ, ಸಾರಜನಕ ಮುಗಿದ, ನೂರಕ್ಕೆ ಮೂರು ನಾಲ್ಕು ಭಾಗ ಆಲ್ಕೋಹಾಲ್ ಇರುವ ಹುಳಿ ದ್ರವಕ್ಕೆ. ಅಲ್ಲಿ ಅದಕ್ಕೆ ಬೆಳೆಯಲು ಏನೂ ಇಲ್ಲ. ಹೊಸ ಯೀಸ್ಟ್ ಹಾಕಲೇಬೇಕಾದರೆ ಅದು ಆಗಲೇ ಓಡುತ್ತಿರಬೇಕು. ಲೀಟರ್ ಒಂದೂವರೆ ಲೀಟರ್ ಮಾಲ್ಟ್ ವರ್ಟಿನಲ್ಲಿ ಬೆಳೆಸಿ, ನೊರೆ ಉಕ್ಕುತ್ತಿರುವಾಗಲೇ ಸುರಿಯಬೇಕು. ಜರ್ಮನ್ ಲಾಗರ್ ಬ್ರೂವರಿಗಳಲ್ಲಿ ಹುದುಗುತ್ತಿರುವ ಹೊಸ ಬಿಯರನ್ನು ಹತ್ತರಲ್ಲೊಂದು ಪಾಲು ಹಳತಕ್ಕೆ ಸೇರಿಸುವ ಪದ್ಧತಿಯ ಹಿಂದಿರುವುದೂ ಇದೇ ತತ್ತ್ವ. ಈ ಹಂತದಲ್ಲಿ ಆಮ್ಲಜನಕ ಊದುವುದು ಮಾತ್ರ ಕೂಡದು. ಸೊರಗಿದ ಯೀಸ್ಟ್ ಅದನ್ನು ಪೂರ್ತಿ ಹೀರಲಾರದು, ಉಳಿದದ್ದು ಬಿಯರನ್ನು ಒದ್ದೆ ರಟ್ಟಿನ ರುಚಿಗೆ ತಿರುಗಿಸುತ್ತದೆ. ಅಂಗಡಿಗಳಲ್ಲಿ ಸಿಗುವ ಗ್ಲೂಕೋಅಮೈಲೇಸ್ ಕಿಣ್ವದ ಬಗ್ಗೆಯೂ ಎಚ್ಚರ ಬೇಕು: ಅದು ಡೆಕ್ಸ್ಟ್ರಿನ್ನನ್ನೂ ಬಿಡದೆ ಕತ್ತರಿಸಿ ಓದನ್ನು 1.000ದ ಆಸುಪಾಸಿಗೆ ಇಳಿಸುತ್ತದೆ, ಬಿಯರ್‌ನ ಮೈಕಟ್ಟು ಹೋಗಿ ನೀರುನೀರಾಗುತ್ತದೆ. ಕಾಯಿಲೆಗಿಂತ ಔಷಧಿ ಕೆಟ್ಟದ್ದು.

ಏನೂ ಮಾಡದೆ ಕಾಯಿರಿ, ಯೀಸ್ಟಿಗೆ ಅದರ ಕೆಲಸ ಗೊತ್ತು ಎಂಬ ಸಲಹೆ ಈ ಹವ್ಯಾಸದಲ್ಲಿ ಬಲು ಪ್ರಚಲಿತ. ಓದು ದಿನಕ್ಕೆ ಒಂದು ಪಾಯಿಂಟಾದರೂ ಇಳಿಯುತ್ತಿದ್ದರೆ ಆ ಸಲಹೆ ಸರಿ, ಇದಕ್ಕಿಂತ ಒಳ್ಳೆಯ ಸಲಹೆಯೂ ಇಲ್ಲ. ಯೀಸ್ಟ್ ಹಾಕಿ ಮೂರು ದಿನ ಕಳೆದರೂ ನೊರೆಯಿಲ್ಲ, ಓದು ಕದಲಿಲ್ಲ ಎಂದಾದರೆ ಅದೇ ಸಲಹೆ ಅಪಾಯಕಾರಿ. ಯೀಸ್ಟ್ ಚುರುಕಾಗಿದ್ದರೆ ಮೊದಲ ಎರಡು ದಿನದಲ್ಲೇ ವರ್ಟಿನ ಪಿಎಚ್ 5.2ರ ಆಸುಪಾಸಿನಿಂದ 4.5ರ ಕೆಳಕ್ಕೆ ಇಳಿದು ಬ್ಯಾಕ್ಟೀರಿಯಾಗಳಿಗೆ ಬಾಗಿಲು ಹಾಕುತ್ತದೆ. ಸಿಹಿಯಾದ, ಬೆಚ್ಚನೆಯ, ಹುಳಿ ಏರದ ದ್ರವ ಮೂರು ದಿನ ಕಾವಲಿಲ್ಲದೆ ನಿಂತರೆ ಬೇರೆಯವರು ಬಂದು ಸೇರುತ್ತಾರೆ. ಆ ಹಂತದಲ್ಲಿ, ಆ ಹಂತದಲ್ಲಿ ಮಾತ್ರ, ಹೊಸ ಪೊಟ್ಟಣ ಸರಿಯಾದ ಮದ್ದು: ಸಕ್ಕರೆ, ಸಾರಜನಕ ಎಲ್ಲ ಇನ್ನೂ ಇದೆ, ಆಲ್ಕೋಹಾಲ್ ಇಲ್ಲ, ಗಾಳಿ ಬೆರೆಸಲೂ ಅಡ್ಡಿಯಿಲ್ಲ. ಹತ್ತನೆಯ ದಿನ ವ್ಯರ್ಥವಾಗುವ ಅದೇ ಪೊಟ್ಟಣ ಮೂರನೆಯ ದಿನ ಬಿಯರನ್ನು ಉಳಿಸುತ್ತದೆ.

ಕೊನೆಗೆ ಬಾಟಲಿಯ ವಿಷಯ. ಬೇಸತ್ತು, ಆದದ್ದಾಗಲಿ ಎಂದು ಅರ್ಧ ಹುದುಗಿದ ಬಿಯರನ್ನು ಬಾಟಲಿಗೆ ತುಂಬುವವರಿದ್ದಾರೆ. ಸಾಂದ್ರತೆ ಒಂದು ಪಾಯಿಂಟ್ ಇಳಿದರೆ ಲೀಟರಿಗೆ ಸುಮಾರು ಒಂದು ಗ್ರಾಂ ಇಂಗಾಲದ ಡೈಆಕ್ಸೈಡ್ ಹುಟ್ಟುತ್ತದೆ. ಸಾಮಾನ್ಯ ಏಲ್‌ನಲ್ಲಿ ಇರಬೇಕಾದ್ದು ಲೀಟರಿಗೆ 5 ಗ್ರಾಂ. ತಿನ್ನಬಲ್ಲ ಸಕ್ಕರೆ ಐದು ಪಾಯಿಂಟಿನಷ್ಟು ಉಳಿದ ಬಿಯರ್ ಬಾಟಲಿಯೊಳಗೆ ನಿಧಾನವಾಗಿ ಹುದುಗಿದರೆ ಅನಿಲ ಎರಡು ಪಟ್ಟಾಗುತ್ತದೆ, ಸಾಧಾರಣ ಬಿಯರ್ ಬಾಟಲಿಯ ಗಾಜು ಅದಕ್ಕೆಂದು ಮಾಡಿದ್ದಲ್ಲ. ಸಿಡಿದ ಚೂರು ಕಣ್ಣಿಗೆ ಹೋಗಬಹುದು. ಮಿತಿಯ ಪರೀಕ್ಷೆ ಮುಗಿದಿದೆ ಎಂದು ತೋರಿಸಿದ ಬಿಯರನ್ನು 1.020ರಲ್ಲಿದ್ದರೂ ಧೈರ್ಯವಾಗಿ ತುಂಬಬಹುದು. ಮುಗಿದಿಲ್ಲ ಎಂದು ತೋರಿಸಿದ ಬಿಯರನ್ನು 1.014ರಲ್ಲಿದ್ದರೂ ತುಂಬಬಾರದು.